ಸೋರಿತ್ತಾ ಎಂದು ಕೇಳುತ್ತಿದ್ದವರು

ಕಳೆದ ವಾರ ನಮ್ಮ ಮನೆಯ ಗೀಸರ್ ಕೆಟ್ಟಿತು. ರಿಪೇರಿಯವರು ಬಂದು ಅದನ್ನು ಗೋಡೆಯಿಂದ ಇಳಿಸಿ, ಒಳಗಿನ ಕಾಯಿಲ್ ಎಳೆದು, ಬಚ್ಚಲಮನೆಯ ಮುಂದೆ ಹಾಸಿದ್ದ ಹಳೆಯ ಪೇಪರಿನ ಮೇಲಿಟ್ಟರು. ಕಾಯಿಲ್ ಕಾಣಿಸುತ್ತಲೇ ಇರಲಿಲ್ಲ. ಹೆಬ್ಬೆರಳು ಗಾತ್ರದ ಬಿಳಿಯ ಗಾರೆ ಅದನ್ನು ಮುಚ್ಚಿತ್ತು.

"ಬೋರ್‌ವೆಲ್ ನೀರು ಅಕ್ಕ. ಬಂಗಾರಪೇಟೆಲಿ ಯಾರ್ ಮನೆಗೆ ಓದ್ರೂ ಇದೇ ಕತೆ. ನೀರು ಕಾಯ್ಸೋಕೆ ಗೀಸರ್ ಇಕ್ಕೊಂಡವ್ರೋ, ಸುಣ್ಣ ಬೇಯ್ಸೋಕೆ ಇಕ್ಕೊಂಡವ್ರೋ ಗೊತ್ತಾಗಲ್ಲ," ಎಂದು ನಗುತ್ತ ಅವರು ಆಸಿಡ್ ಬಾಟಲಿಯ ಮುಚ್ಚಳ ತಿರುಗಿಸಿದರು.

ಆ ವಾಸನೆ ಮೂಗಿಗಿಂತ ಮೊದಲು ಗಂಟಲಿಗೆ ತಾಗುತ್ತದೆ. ಅದರ ಹಿಂದೆಯೇ ಚುರ್ರೆನ್ನುವ ಸದ್ದು, ನೊರೆ. ನಾನು ಸೆರಗನ್ನು ಮೂಗಿಗೆ ಒತ್ತಿಕೊಂಡು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಹೊಗೆಗೆ ಹೆದರಿ ಬಂದೆ ಎಂದು ಅವರು ತಿಳಿದಿರಬೇಕು. ನನಗೆ ಆ ವಾಸನೆಯ ಜೊತೆ ಒಬ್ಬರ ಮುಖ ಬರುತ್ತದೆ. ಅವರು ತೀರಿಕೊಂಡು ಈಗ ನಾಲ್ಕು ತಿಂಗಳು...

ಅವರನ್ನು ನಾವೆಲ್ಲ ಆಸಿಡ್ ಅಣ್ಣ ಎನ್ನುತ್ತಿದ್ದೆವು. ಆಗ ನಾನು ಪಿಯುಸಿ ಮುಗಿಸಿ, ಬಂಗಾರಪೇಟೆಯ ಹೊರಗಿದ್ದ ಒಂದು ಸಣ್ಣ ಹಾಲಿನ ಘಟಕದಲ್ಲಿ ಕೆಲಸಕ್ಕೆ ಸೇರಿದ್ದೆ. ಸುತ್ತಲಿನ ಹಳ್ಳಿಗಳಿಂದ ಕ್ಯಾನುಗಳಲ್ಲಿ ಬರುವ ಹಾಲನ್ನು ಪರೀಕ್ಷಿಸುವುದು, ದಿನಾ ಬೆಳಿಗ್ಗೆ ಬಾಯ್ಲರ್ ನೀರನ್ನು ಒಂದು ಬಾಟಲಿ ಹಿಡಿದು ತಂದು ಅದರ ಗಡಸುತನ ನೋಡಿ ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ. ಹಾಲು ಕಾಯಿಸಲು, ಕ್ಯಾನು ತೊಳೆಯಲು ಬೇಕಾದ ಹಬೆಯೆಲ್ಲ ಆ ಒಂದು ಬಾಯ್ಲರಿನಿಂದಲೇ ಬರಬೇಕಿತ್ತು. ದೊಡ್ಡ ಕಬ್ಬಿಣದ ಪೀಪಾಯಿ, ಅದರೊಳಗೆ ಉದ್ದಕ್ಕೂ ಕೊಳವೆಗಳು. ಕೊಳವೆಗಳ ಒಳಗೆ ಬೆಂಕಿಯ ಬಿಸಿ ಹಾಯುತ್ತಿತ್ತು, ಸುತ್ತ ನೀರು ಕುದಿಯುತ್ತಿತ್ತು. ನಮ್ಮ ಕಡೆಯ ನೀರು ಕುದಿದರೆ ಸುಣ್ಣ ಬಿಟ್ಟುಹೋಗುತ್ತದೆ. ವರ್ಷ ತುಂಬುವಷ್ಟರಲ್ಲಿ ಕೊಳವೆಗಳ ಮೇಲೆ ಕಲ್ಲಿನಂಥ ಪದರ ಕಟ್ಟುತ್ತಿತ್ತು. ಸೌದೆ ಎಷ್ಟು ಹಾಕಿದರೂ ಹಬೆ ಏಳುತ್ತಿರಲಿಲ್ಲ. ಆಗ ಆಸಿಡ್ ಅಣ್ಣನಿಗೆ ಹೇಳಿ ಕಳಿಸುತ್ತಿದ್ದರು.

ಅವರು ಕೆಜಿಎಫ್‌ನ ಕೋರಮಂಡಲ್‌ನಲ್ಲಿ ಬೆಳಗಿನ ಟ್ರೈನು ಹತ್ತಿ ಬರುತ್ತಿದ್ದರು. ಪಂಪು, ನೀಲಿ ಡ್ರಮ್ಮುಗಳು, ಪೈಪಿನ ಸುರುಳಿ ಹಿಂದಿನ ದಿನವೇ ಲಗೇಜ್ ಆಟೋದಲ್ಲಿ ಬಂದಿರುತ್ತಿದ್ದವು. ಐವತ್ತು ದಾಟಿದ ಸಣಕಲು ಮನುಷ್ಯ. ಕುತ್ತಿಗೆಯವರೆಗೆ ಗುಂಡಿ ಹಾಕಿದ ಕಾಕಿ ಅಂಗಿ, ತೋಳಿನ ತುಂಬ ಸಣ್ಣ ಸಣ್ಣ ತೂತು. ಅವರ ತಂದೆ ಚಿನ್ನದ ಗಣಿಯ ಕೆಳಗೆ ಇಳಿದವರು. ಇವರು ಮೇಲಿನ ಬಾಯ್ಲರ್ ಮನೆಯಲ್ಲಿ ಕೆಲಸ ಕಲಿತರು. ಗಣಿ ಮುಚ್ಚಿದ ಮೇಲೆ ಕೈಯಲ್ಲಿ ಉಳಿದಿದ್ದು ಈ ವಿದ್ಯೆ ಒಂದೇ. ಮನೆಯಲ್ಲಿ ತಮಿಳು, ತೆಲುಗು, ಕನ್ನಡ ಮೂರೂ ಕಲಸಿ ಆಡುತ್ತಿದ್ದರಂತೆ. ನನ್ನನ್ನು ತಂಗಚ್ಚಿ ಎನ್ನುತ್ತಿದ್ದರು. ತಂಗಿ ಎಂದು ಕರೆಯುವ ಕೆಜಿಎಫ್‌ನವರ ರೀತಿ ಅದು.

ಅವರ ಕೆಲಸಕ್ಕೆ ಒಂದು ಕ್ರಮವಿತ್ತು. ಮೊದಲು ಕೊಳವೆಯ ಮೇಲಿನ ಪದರದ ಒಂದು ಚೂರು ಕಿತ್ತು ಗಾಜಿನ ಲೋಟದ ಆಸಿಡ್‌ಗೆ ಹಾಕಿ ಕಿವಿಗೊಟ್ಟು ಕೇಳುವುದು. ಚುರ್ರೆಂದು ಕೂಗಿದರೆ ಸುಣ್ಣ, ಕರಗುತ್ತದೆ. ಸುಮ್ಮನಿದ್ದರೆ ಕಲ್ಲು, ಬೇರೆ ದಾರಿ ನೋಡಬೇಕು. ಆಮೇಲೆ ಎಲ್ಲರ ಬೆಂಕಿಪೊಟ್ಟಣ ವಸೂಲಿ. ಆಸಿಡ್ ಕಬ್ಬಿಣ ಮುಟ್ಟಿದಾಗ ಏಳುವ ಗಾಳಿಗೆ ಕಿಡಿ ತಾಗಿದರೆ ಬಾಯ್ಲರ್ ಸಿಡಿಯುತ್ತದೆ ಎಂದು ಒಬ್ಬೊಬ್ಬರ ಜೇಬಿಗೂ ಕೈ ಹಾಕಿ ಬೀಡಿ, ಬೆಂಕಿಪೊಟ್ಟಣ ಕಿತ್ತು ತಮ್ಮ ತಗಡಿನ ಡಬ್ಬಿಗೆ ಹಾಕಿಕೊಳ್ಳುತ್ತಿದ್ದರು.

"ಬೀಡಿನೂ ಕಿತ್ಕೊಂಡ್ರೆ ಸಂಜೆಗಂಟ ಎಂಗಣ್ಣಾ ಬದುಕೋದು?" ಎಂದು ನಮ್ಮ ಬಾಯ್ಲರ್ ನೋಡಿಕೊಳ್ಳುವವನು ಗೊಣಗುತ್ತಿದ್ದ.

"ಸೇದ್ಲಾ, ಯಾರ್ ಬ್ಯಾಡ ಅಂದ್ರು? ಎಂಡ್ತಿಗೆ ಏಳ್ಬುಟ್ಟು ಬಂದಿದ್ರೆ ಸೇದು. ನಾನಂತೂ ಏಳ್ದೆ ಬಂದಿವ್ನಿ."

ಆಸಿಡ್‌ಗೆ ಒಂದು ಮದ್ದು ಬೆರೆಸುತ್ತಿದ್ದರು. ಅದಿಲ್ಲದಿದ್ದರೆ ಆಸಿಡ್ ಸುಣ್ಣದ ಜೊತೆ ಕಬ್ಬಿಣವನ್ನೂ ತಿನ್ನುತ್ತದೆ. ಮದ್ದು ಸರಿಯಾಗಿದೆಯೋ ಇಲ್ಲವೋ ಎಂದು ತಿಳಿಯಲು ಅಂಗಡಿಯಿಂದ ತಂದ ಹೊಸ ಮೊಳೆಗೆ ದಾರ ಕಟ್ಟಿ ಆಸಿಡ್ ಡ್ರಮ್ಮಿನಲ್ಲಿ ಇಳಿಬಿಡುತ್ತಿದ್ದರು. ಸಂಜೆ ತೆಗೆದಾಗ ಮೊಳೆ ಹೊಸದರಂತೆಯೇ ಇರಬೇಕು. ಕೊನೆಗೆ ಸೋಡಾ ನೀರು ಹಾಯಿಸಿ, ತೊಳೆದು, ನೀಲಿ ಕಾಗದ ಅದ್ದಿದರೆ ಕೆಂಪಾಗುವುದು ನಿಲ್ಲುವವರೆಗೆ ಮತ್ತೆ ಮತ್ತೆ ತೊಳೆಯುತ್ತಿದ್ದರು.

ಆದರೆ ಆಸಿಡ್ ಬಿಡುವ ಮೊದಲು ಅವರು ಮಾಡುತ್ತಿದ್ದುದು ಇನ್ನೊಂದಿತ್ತು. ಘಟಕದಲ್ಲಿ ಇರುವವರನ್ನೆಲ್ಲ ಹುಡುಕಿಕೊಂಡು ಹೋಗಿ ಒಂದೇ ಪ್ರಶ್ನೆ ಕೇಳುತ್ತಿದ್ದರು. ವಾಚ್‌ಮನ್, ಕ್ಯಾನು ತೊಳೆಯುವವರು, ಕಸ ಗುಡಿಸುವ ಅಜ್ಜಿ, ನಾನು... ಯಾರನ್ನೂ ಬಿಡುತ್ತಿರಲಿಲ್ಲ.

"ಬಾಯ್ಲರ್ ಎಲ್ಲಾನಾ ಸೋರಿತ್ತಾ? ಒಂದ್ ತೊಟ್ಟಾದ್ರೂ?"

ಮೊದಲ ವರ್ಷ ನಾನು ನಕ್ಕಿದ್ದೆ. ಕಸ ಗುಡಿಸುವ ಅಜ್ಜಿಗೆ ಬಾಯ್ಲರ್ ವಿಷಯ ಏನು ಗೊತ್ತಣ್ಣ ಎಂದಿದ್ದೆ.

"ನೆಲ ನೋಡೋಳು ಅವ್ಳೇ ಕಣಮ್ಮ. ಮ್ಯಾನೇಜರ್ ನೆಲ ನೋಡ್ತಾರಾ?" ಎಂದು ಅವರು ನನ್ನ ಮೇಜಿನ ಅಂಚಿನಲ್ಲಿ ಕೂತರು. "ಸುಣ್ಣ ಅನ್ನೋದು ಬರೀ ಕೊಳೆ ಅಲ್ಲ ತಂಗಚ್ಚಿ. ಕೊಳವೇಲಿ ತೂತಿದ್ರೆ ಅದ್ರ ಮೇಲೂ ಕೂತ್ಕೊಂತದೆ, ಗಾಯದ ಮೇಲೆ ಅಕ್ಕಳೆ ಕಟ್ಟಂಗೆ. ನೀರು ತುಂಬಿ ಒತ್ತಿ ನೋಡಿದ್ರೂ ಗೊತ್ತಾಗಲ್ಲ. ನಾನು ಅಕ್ಕಳೆ ಕಿತ್ತೆ ಅನ್ನು, ಸೋರ್ತದೆ. ಆಗ ಎಲ್ರೂ ನನ್ ಮುಖಾನೇ ನೋಡ್ತಾರೆ. ಮೊದ್ಲೇ ಏಳಿದ್ರೆ ಆ ಕೊಳವೆಗೆ ಬಿರಡೆ ಬಡ್ದು ಆಮೇಲೆ ಆಸಿಡ್ ಬಿಡ್ತೀನಿ. ಅರ್ಧ ದಿನದ ಕೆಲ್ಸ, ಅಷ್ಟೇ."

ಅರ್ಧ ದಿನದ ಕೆಲಸ. ಆ ಮಾತು ಈಗಲೂ ನನ್ನ ಕಿವಿಯಲ್ಲಿದೆ.

ನಾನು ಸೇರಿದ ನಾಲ್ಕನೆಯ ವರ್ಷ, ನೀರಿನ ಗಡಸುತನ ತೆಗೆಯುವ ಯಂತ್ರ ಕೆಟ್ಟು ಹಾಗೇ ಬಿದ್ದಿತ್ತು. ಬೋರ್‌ವೆಲ್ಲನ್ನು ಇನ್ನೂ ಆಳಕ್ಕೆ ಇಳಿಸಿದ್ದರು, ನೀರು ಮೊದಲಿಗಿಂತ ಗಡಸಾಗಿತ್ತು. ಒಂದು ದಿನ ಬೆಳಿಗ್ಗೆ ಮಸಿ ತೆಗೆಯಲು ಬಾಯ್ಲರಿನ ಹಿಂಬಾಗಿಲು ತೆರೆದಿದ್ದರು. ನಾನು ನೀರು ಹಿಡಿಯಲು ಹೋದವಳು ಬಗ್ಗಿ ನೋಡಿದೆ. ಎರಡು ಕೊಳವೆಗಳ ತುದಿಯಲ್ಲಿ ನೀರು ಜಿನುಗುತ್ತಿತ್ತು. ಒಂದು ತೊಟ್ಟು ಬೀಳುವುದು, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಅದು ಹರಿದ ಕಡೆಯಲ್ಲೆಲ್ಲ ಉಪ್ಪಿನ ಬಿಳಿ ಗೆರೆ. ನಾನು ಪುಸ್ತಕದಲ್ಲಿ ಬರೆದೆ: ಹಿಂಬದಿಯ ಎರಡು ಕೊಳವೆಗಳಲ್ಲಿ ಸೋರಿಕೆ.

ಮಧ್ಯಾಹ್ನ ಮ್ಯಾನೇಜರ್ ಪುಸ್ತಕ ಹಿಡಿದುಕೊಂಡು ನನ್ನ ಮೇಜಿಗೆ ಬಂದರು. ಅವರು ಕೂಗಾಡಲಿಲ್ಲ. ಮೆಲ್ಲಗೆ ಹೇಳಿದರು.

"ಇದನ್ನ ಇನ್ಸ್‌ಪೆಕ್ಟರ್ ನೋಡಿದ್ರೆ ಬಾಯ್ಲರ್‌ಗೆ ಸೀಲ್ ಬೀಳುತ್ತೆ. ಬಾಯ್ಲರ್ ನಿಂತ್ರೆ ಘಟಕ ನಿಲ್ಲುತ್ತೆ. ಘಟಕ ನಿಂತ್ರೆ ನೀನೆಲ್ಲಿ ಇರ್ತೀಯಮ್ಮ? ಆ ಹಾಳೆ ಬೇರೆ ಬರಿ."

ನಾನು ಬೇರೆ ಬರೆದೆ. ಅಪ್ಪ ಬೇರೆಯವರ ಹೊಲದಲ್ಲಿ ಕೂಲಿಗೆ ಹೋಗುತ್ತಿದ್ದರು. ಮನೆಗೆ ತಿಂಗಳ ಸಂಬಳ ಅಂತ ಬರುತ್ತಿದ್ದುದು ನನ್ನದು ಮಾತ್ರ. ಬಾಯ್ಲರ್ ನೋಡಿಕೊಳ್ಳುವವನಿಗೂ ಮ್ಯಾನೇಜರ್ ಹೀಗೇ ಹೇಳಿರಬೇಕು. ಅವನೂ ಸುಮ್ಮನಾದ. ಕೆಲವು ವಾರ ಕಳೆದ ಮೇಲೆ ಜಿನುಗುವುದು ತಾನಾಗಿಯೇ ನಿಂತಿತು. ಬಿಳಿ ಗೆರೆಯನ್ನು ಯಾರೋ ಒರೆಸಿದ್ದರು. ನಾನು ನಿಜವಾಗಿಯೂ ಸಮಾಧಾನಪಟ್ಟುಕೊಂಡೆ. ಹೇಗೆ ನಿಂತಿತು ಎಂದು ನನಗೆ ಗೊತ್ತಿತ್ತು. ನನ್ನ ಮೇಜಿನ ಮೇಲೆ ಕೂತು ಆಸಿಡ್ ಅಣ್ಣನೇ ಅದನ್ನು ಕಲಿಸಿದ್ದರು.

ಬೇಸಿಗೆ ಶುರುವಾಗುವಾಗ ಅವರು ಬಂದರು. ಚೂರಿನ ಪರೀಕ್ಷೆ ಆಯಿತು. ನೀರು ತುಂಬಿ ಕೈಪಂಪಿನಿಂದ ಒತ್ತಿ ನೋಡಿದರು, ಒತ್ತಡ ತೋರಿಸುವ ಮುಳ್ಳು ಏರಿದ ಕಡೆಯೇ ಅಲುಗದೆ ನಿಂತಿತು. ಆಮೇಲೆ ಎಂದಿನಂತೆ ಒಬ್ಬೊಬ್ಬರನ್ನೇ ಕೇಳುತ್ತ ನನ್ನ ಕಿಟಕಿಗೆ ಬಂದರು. ಮ್ಯಾನೇಜರ್ ಒಳಗೆ ನನ್ನ ಕುರ್ಚಿಯ ಹಿಂದೆಯೇ ನಿಂತು, ಹಾಲಿನ ಬಾಟಲಿಯೊಂದನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಅದರಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

"ತಂಗಚ್ಚಿ, ಎಲ್ಲಾನಾ ಸೋರಿತ್ತಾ? ಒಂದ್ ತೊಟ್ಟಾದ್ರೂ?"

"ಇಲ್ಲಣ್ಣ," ಎಂದೆ.

ಅವರು ಎಂದಿಗಿಂತ ಸ್ವಲ್ಪ ಹೆಚ್ಚು ಹೊತ್ತು ಕಿಟಕಿಯಲ್ಲಿ ನಿಂತಂತೆ ನನಗೆ ನೆನಪು. ಅಥವಾ ಆಮೇಲೆ ನಾನೇ ಹಾಗೆ ಸೇರಿಸಿಕೊಂಡೆನೋ ಏನೋ...

"ಸರಿ," ಎಂದು ಹೋದರು.

ಬೆಳಗಿನಿಂದ ಸಂಜೆಯವರೆಗೆ ಪಂಪು ಓಡಿತು. ಕಿಟಕಿ ಮುಚ್ಚಿದರೂ ವಾಸನೆ ಬರುತ್ತಿತ್ತು. ನಾನು ಎರಡು ಸಲ ಎದ್ದು ಬಾಯ್ಲರ್ ಮನೆಯ ಬಾಗಿಲವರೆಗೆ ಹೋಗಿ ವಾಪಸು ಬಂದೆ. ಹೇಳಿಬಿಡಬೇಕು ಅನ್ನಿಸಿತ್ತು. ಇಷ್ಟು ಹೊತ್ತಿಗೆ ಹೇಳಿ ಏನು ಪ್ರಯೋಜನ ಎಂದೂ ಅನ್ನಿಸಿತ್ತು. ಪ್ರಯೋಜನ ಇತ್ತು. ಪಂಪು ನಿಲ್ಲಿಸಿ ನೋಡುತ್ತಿದ್ದರು, ಕೊನೆಗೆ, ಅದು ಮುಂಚೆಯೇ ಸೋರಿತ್ತು ಅನ್ನುವ ಮಾತಾದರೂ ಅವರ ಪರವಾಗಿ ಉಳಿಯುತ್ತಿತ್ತು.

ಸಂಜೆ ಆಸಿಡ್ ಖಾಲಿ ಮಾಡಿ, ತೊಳೆದು, ಮತ್ತೆ ನೀರು ತುಂಬಿ ಒತ್ತಿದರು. ಮುಳ್ಳು ಮೇಲೇರಲಿಲ್ಲ. ಹಿಂಬಾಗಿಲು ತೆರೆದಾಗ ನಾನು ಕಂಡಿದ್ದ ಎರಡೂ ಸೇರಿ ನಾಲ್ಕು ಕೊಳವೆಗಳಿಂದ ನೀರು ಸುರಿಯುತ್ತಿತ್ತು. ಜನ ಸೇರಿದರು. ಮ್ಯಾನೇಜರ್ ಬಂದವರೇ, "ಬಾಯ್ಲರ್ ತಿಂದಾಕ್ಬಿಟ್ಯಲ್ಲಯ್ಯಾ! ಮದ್ದು ಹಾಕ್ದೆ ಬರೀ ಆಸಿಡ್ ಬಿಟ್ಟಿದ್ದೀಯಾ!" ಎಂದು ಕೂಗಿದರು. ನನಗೆ ಹಾಳೆ ಬೇರೆ ಬರೆಯಲು ಹೇಳಿದ ಮನುಷ್ಯ ಇವರೇನಾ ಅನ್ನುವಷ್ಟು ಚೆನ್ನಾಗಿ ಕೂಗಿದರು.

ಆಸಿಡ್ ಅಣ್ಣ ಡ್ರಮ್ಮಿನಿಂದ ದಾರ ಎಳೆದು ಮೊಳೆಯನ್ನು ಅಂಗಿಗೆ ಒರೆಸಿ ಮುಂದೆ ಹಿಡಿದರು.

"ಸಾರ್, ಬೆಳಗಿಂದ ಇದೇ ಆಸಿಡ್‌ನಲ್ಲಿ ನೇತಾಡ್ತಿತ್ತು. ತಲೆ ಮ್ಯಾಗಿನ ಗೀರು ನೋಡಿ, ಅಂಗೇ ಅದೆ. ಕಬ್ಬಿಣ ತಿನ್ನಂಗಿದ್ರೆ ಮೊದ್ಲು ಇದನ್ನ ತಿನ್ಬೇಕಿತ್ತಲ್ವಾ?"

ಮ್ಯಾನೇಜರ್ ಮೊಳೆಯನ್ನು ಕಿತ್ತುಕೊಂಡು ಚರಂಡಿಯ ಕಡೆಗೆ ಎಸೆದರು.

ಅವರು ಅದನ್ನು ಎತ್ತಿಕೊಳ್ಳಲು ಹೋಗಲಿಲ್ಲ. ನಮ್ಮ ಕಡೆ ತಿರುಗಿದರು. "ಯಾರಾನಾ ಏಳ್ರಪ್ಪಾ," ಎಂದರು. ದನಿ ಎತ್ತರವಾಗಿರಲಿಲ್ಲ. "ಮುಂಚೆ ಸೋರಿರಲೇ ಇಲ್ವಾ?"

ಅವರ ಕಣ್ಣು ಒಬ್ಬೊಬ್ಬರ ಮೇಲೂ ಹಾದು ನನ್ನವರೆಗೆ ಬಂತು. ನಾನು ನನ್ನ ಚಪ್ಪಲಿ ನೋಡುತ್ತಿದ್ದೆ. ಎಡಗಾಲಿನ ಪಟ್ಟಿ ಬಿಟ್ಟಿತ್ತು, ಪಿನ್ನು ಹಾಕಿದ್ದೆ. ಆ ಪಿನ್ನು ನನಗೆ ಇವತ್ತಿಗೂ ಕಾಣುತ್ತದೆ.

ಹೊರಡುವ ಮೊದಲು ಅವರು ತಗಡಿನ ಡಬ್ಬಿ ತೆರೆದು ಬೆಂಕಿಪೊಟ್ಟಣಗಳನ್ನು ಒಬ್ಬೊಬ್ಬರಿಗೇ ವಾಪಸು ಕೊಟ್ಟರು. ಯಾವುದು ಯಾರದೆಂದು ಅವರಿಗೆ ಜ್ಞಾಪಕವಿತ್ತು. ಬಾಯ್ಲರ್ ನೋಡಿಕೊಳ್ಳುವವನು ಕೈ ಚಾಚಿದನೇ ಹೊರತು ತಲೆ ಎತ್ತಲಿಲ್ಲ. "ತಗೊಳ್ಲಾ, ಇನ್ ಸೇದ್ಬೋದು," ಎಂದರು. ಯಾರೂ ನಗಲಿಲ್ಲ.

ಎಲ್ಲರೂ ಹೋದ ಮೇಲೆ ನಾನು ಚರಂಡಿಯ ಹತ್ತಿರ ಹುಡುಕಿ ಆ ಮೊಳೆ ಎತ್ತಿಕೊಂಡೆ. ತಲೆಯ ಮೇಲಿನ ಗೀರುಗಳು ಅಂಗಡಿಯಲ್ಲಿ ಕೊಂಡಾಗ ಇದ್ದ ಹಾಗೆಯೇ ಇದ್ದವು.

ಕೊಳವೆ ಬದಲಾಯಿಸಿ ಮುಗಿಸುವವರೆಗೆ ಹಳ್ಳಿಗಳ ಹಾಲನ್ನು ಗೇಟಿನಿಂದಲೇ ವಾಪಸು ಕಳಿಸಿದರು. ಕ್ಯಾನು ಹೊತ್ತು ಬಂದವರೆಲ್ಲ ಬೈದದ್ದು ಆಸಿಡ್ ಅಣ್ಣನನ್ನು. ನಮ್ಮೂರಿನವರೂ ಬೈದರು, ನಮ್ಮ ಮನೆಯ ಜಗಲಿಯಲ್ಲಿ ಕೂತೇ ಬೈದರು. ನಾನು ಅವರಿಗೆ ಕಾಫಿ ಕೊಟ್ಟೆ. ಬಾಯ್ಲರ್ ಇರುವ ಕಡೆಗಳಲ್ಲಿ ಸುದ್ದಿ ಬೇಗ ಓಡುತ್ತದೆ. ಬಂಗಾರಪೇಟೆಯ ಅಕ್ಕಿ ಗಿರಣಿಗಳವರು, ಬಟ್ಟೆ ತೊಳೆಯುವ ಕಾರ್ಖಾನೆಯವರು, ಎಲ್ಲರೂ ಬೇರೆಯವರನ್ನು ಕರೆಯತೊಡಗಿದರು. ಕೆಜಿಎಫ್‌ನ ಆ ಮುದುಕ ಬಾಯ್ಲರ್ ತಿನ್ನುತ್ತಾನೆ ಎನ್ನುವ ಒಂದು ಮಾತು ಸಾಕಾಯಿತು.

ನನಗೆ ಮದುವೆಯಾಯಿತು. ಕೆಲಸ ಬಿಟ್ಟೆ. ಆ ಘಟಕವೂ ಆಮೇಲೆ ಮುಚ್ಚಿತು, ಈಗ ಅಲ್ಲಿ ಕಲ್ಯಾಣ ಮಂಟಪವಿದೆ.

ಒಂದು ಸಲ ಮಾತ್ರ ಅವರು ಸಿಕ್ಕರು. ಬಂಗಾರಪೇಟೆ ಸ್ಟೇಷನ್ನಿನಲ್ಲಿ, ಕೆಜಿಎಫ್ ಕಡೆ ಹೋಗುವ ಮಾರಿಕುಪ್ಪಂ ಟ್ರೈನಿಗೆ ಕಾಯುತ್ತ ಬೆಂಚಿನ ಮೇಲೆ ಕೂತಿದ್ದರು. ಕಾಲ ಬಳಿ ಎರಡು ಚೀಲ, ಅವುಗಳ ತುಂಬ ಬಚ್ಚಲು ತೊಳೆಯುವ ಆಸಿಡ್ ಬಾಟಲಿಗಳು. ಆಂಡರ್ಸನ್‌ಪೇಟೆಯ ಅಂಗಡಿಗಳಿಗೆ ಹಾಕುತ್ತೇನೆ ಎಂದರು. ಉಸಿರು ಎಳೆದು ಎಳೆದು ಮಾತಾಡುತ್ತಿದ್ದರು. ಮಗಳು ಓದುತ್ತಿದ್ದಾಳೆ ಎಂದರು, ನನ್ನ ಗಂಡನ ಬಗ್ಗೆ ಕೇಳಿದರು. ನಾನು, "ಅಣ್ಣ, ಆವತ್ತು..." ಎಂದು ಶುರು ಮಾಡಿದೆ.

"ಗೊತ್ತು ಬುಡಮ್ಮ," ಎಂದರು. "ಅಳೇ ತೂತಿಗೆ ಅಂಚು ಸವೆದಿರ್ತದೆ, ಸುತ್ತ ತುಕ್ಕಿನ ಕಲೆ ಇರ್ತದೆ. ಆವತ್ತು ಸಂಜೆ ಬಾಗ್ಲು ತೆಗೆದಾಗ್ಲೇ ಕಂಡಿತ್ತು ನಂಗೆ. ಆಸಿಡ್ ತಿಂದ್ರೆ ನಾಲ್ಕು ಕಡೆ ಮಾತ್ರ ತಿಂತದಾ?"

ನಾನು ಬೆಂಚಿನ ತುದಿಯಲ್ಲಿ ಕೂತೆ.

"ಆ ಯಪ್ಪ ನಿನ್ ಬೆನ್ನಿಂದೆ ನಿಂತಿದ್ದ. ಅಂಗೆ ನಿಂತಿದ್ದಾಗ ನಾನು ಕೇಳ್ಬಾರ್ದಿತ್ತು. ಬೇರೆ ಕರ್ದು ಕೇಳ್ಬೇಕಿತ್ತು. ಕೆಲ್ಸದಲ್ಲಿ ತಪ್ಪಿದ್ದು ನಾನೇ ತಂಗಚ್ಚಿ." ಟ್ರೈನು ಬಂತು. ಚೀಲ ಎತ್ತಲು ನಾನು ಕೈ ಹಾಕಿದರೆ, "ಬ್ಯಾಡ, ಸೀರೆ ಸುಟ್ಟೀತು," ಎಂದು ತಾವೇ ಎತ್ತಿಕೊಂಡು ಹತ್ತಿದರು.

ಅವರು ನನ್ನನ್ನು ಕ್ಷಮಿಸಿದರು ಎಂದು ನಾನು ಆ ದಿನ ಮನೆಗೆ ಹಗುರಾಗಿ ಬಂದೆ. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ. ಮೊದಲ ಸಲ ಸುಮ್ಮನಿದ್ದುದಕ್ಕೆ ಕೆಲಸದ ಭಯ ಎಂಬ ಕಾರಣವಿತ್ತು. ಸ್ಟೇಷನ್ನಿನಲ್ಲಿ ಅವರು ಸಿಕ್ಕಾಗ ನನಗೆ ಕೆಲಸವೂ ಇರಲಿಲ್ಲ, ಮ್ಯಾನೇಜರೂ ಇರಲಿಲ್ಲ. ಮರುದಿನ ಎದ್ದು ನಾಲ್ಕು ಗಿರಣಿಗಳ ಬಾಗಿಲಿಗೆ ಹೋಗಿ, ಆ ಬಾಯ್ಲರ್ ಮುಂಚೆಯೇ ಸೋರಿತ್ತು, ನಾನೇ ನೋಡಿದ್ದೆ ಎಂದಿದ್ದರೆ ಅವರು ಆ ಚೀಲ ಹೊರುವುದು ನಿಲ್ಲುತ್ತಿತ್ತೋ ಏನೋ. ಅವರಿಗೆ ಬೇಕಿದ್ದುದು ಕ್ಷಮೆ ಕೇಳುವವಳಲ್ಲ, ಸಾಕ್ಷಿ ಹೇಳುವವಳು. ಮೊಳೆ ನನ್ನ ಹೊಲಿಗೆ ಡಬ್ಬಿಯಲ್ಲೇ ಇತ್ತು. ನಾನು ಹೋಗಲಿಲ್ಲ. ನಾಳೆ, ಹಬ್ಬ ಕಳೆಯಲಿ, ನನ್ನ ಮಗಳ ಪರೀಕ್ಷೆ ಮುಗಿಯಲಿ... ಹೀಗೆ ವರ್ಷಗಳು ಹೋದವು.

ನಾಲ್ಕು ತಿಂಗಳ ಹಿಂದೆ ಅವರು ಹೋದ ಸುದ್ದಿ ಟ್ರೈನಿನಲ್ಲಿ ಯಾರೋ ಮಾತಾಡುವಾಗ ಕಿವಿಗೆ ಬಿತ್ತು. ಉಸಿರಿನ ತೊಂದರೆಯಂತೆ. ಹನ್ನೊಂದನೆಯ ದಿನ ಮೊಳೆಯನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು ಕೋರಮಂಡಲ್‌ಗೆ ಹೋದೆ. ತಗಡಿನ ಮಾಡಿನ ಸಾಲುಮನೆ. ಮಗಳು ಚಾಪೆ ಹಾಕಿದಳು. ನಾನು ಹಾಲಿನ ಘಟಕದವಳು ಎಂದ ಕೂಡಲೆ, "ಅಲ್ಲೇ ಅಲ್ವಾ ಅಕ್ಕ, ಅಪ್ಪಂಗೆ ಕೈ ತಪ್ಪಿದ್ದು?" ಎಂದಳು. ಅವರು ಮನೆಯಲ್ಲೂ ನನ್ನ ಹೆಸರು ಹೇಳಿರಲಿಲ್ಲ. ಮಗಳೂ ಊರಿನ ಮಾತನ್ನೇ ನಂಬಿಕೊಂಡಿದ್ದಳು.

ನಾನು ಎಲ್ಲ ಹೇಳಿದೆ. ಹಾಳೆಯನ್ನು ಬೇರೆ ಬರೆದದ್ದು, ಕಿಟಕಿಯಲ್ಲಿ ಇಲ್ಲ ಎಂದದ್ದು, ಚಪ್ಪಲಿ ನೋಡಿದ್ದು. ಮೊಳೆಯನ್ನು ಚಾಪೆಯ ಮೇಲಿಟ್ಟೆ. ಅವಳು ಅದನ್ನು ಎತ್ತಿ ತಲೆಯ ಗೀರುಗಳ ಮೇಲೆ ಉಗುರು ಆಡಿಸಿದಳು.

"ಇದನ್ನ ಅಪ್ಪ ಇದ್ದಾಗ ಬಂದು ಏಳ್ಬೋದಿತ್ತಲ್ಲಕ್ಕ," ಎಂದಳು. ಕೋಪವಿರಲಿಲ್ಲ ಆ ಮಾತಿನಲ್ಲಿ. ಆಮೇಲೆ ಮೊಳೆಯನ್ನು ತಂದೆಯ ಫೋಟೋದ ಮುಂದೆ, ದೀಪದ ಪಕ್ಕದಲ್ಲಿಟ್ಟಳು. ನನಗೆ ಊಟ ಬಡಿಸಿದಳು. ನಾನು ಉಂಡೆ.

ಮೆಟ್ಟಿಲ ಮೇಲೆ ಕೂತು ನಾನು ಇದನ್ನೆಲ್ಲ ಯೋಚಿಸುತ್ತಿದ್ದಾಗ ಒಳಗೆ ಗೀಸರ್ ಮತ್ತೆ ಗೋಡೆಗೇರಿತ್ತು. ನೀರು ಬಿಟ್ಟ ಸದ್ದು ಕೇಳಿತು. ಸ್ವಲ್ಪ ಹೊತ್ತಿಗೆ ನನ್ನ ಗಂಡನ ದನಿ ಏರಿತು. ಎದ್ದು ಹೋಗಿ ನೋಡಿದೆ. ಗೀಸರಿನ ತಳದಿಂದ ನೀರು ತೊಟ್ಟಿಕ್ಕುತ್ತಿತ್ತು.

"ಆಸಿಡ್ ಜಾಸ್ತಿ ಸುರಿದ್ರೆ ಇನ್ನೇನಾಗುತ್ತೆ? ಇದ್ದಿದ್ದೂ ತೂತಾಯ್ತು," ಎಂದು ಇವರು ಬೈಯುತ್ತಿದ್ದರು. ರಿಪೇರಿಯವರು ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ, "ಅಣ್ಣ, ದೇವ್ರಾಣೆ, ಟ್ಯಾಂಕಿಗೆ ಒಂದ್ ಮುಚ್ಚಳ ಆಕಿದ್ದಷ್ಟೇ ಅಣ್ಣ," ಎನ್ನುತ್ತಿದ್ದರು. ನನ್ನನ್ನು ಕಂಡು ನನ್ನ ಮುಖ ನೋಡಿದರು.

"ಅವರದೇನೂ ತಪ್ಪಿಲ್ಲ," ಎಂದೆ. "ಅದು ಮುಂಚೆನೇ ಸೋರಿತ್ತು. ಹೋದ ವರ್ಷ ಗೋಡೆ ಒದ್ದೆಯಾಗಿತ್ತು, ಆಮೇಲೆ ತಾನೇ ನಿಂತಿತ್ತು. ನಾನು ನೋಡಿದ್ದೆ."

ಇವರು, "ಓ, ಹಂಗಾ?" ಎಂದರು. ರಿಪೇರಿಯವರು ಮತ್ತೆ ಸ್ಪ್ಯಾನರ್ ಎತ್ತಿಕೊಂಡರು. ಅಷ್ಟೇ. ಯಾರೂ ಮತ್ತೆ ಆ ಮಾತೆತ್ತಲಿಲ್ಲ.

ಆವತ್ತೂ ಇಷ್ಟೇ ಇತ್ತು, ಹೇಳಬೇಕಾಗಿದ್ದುದು.

ಕಿಟಕಿ ತೆರೆದಿಟ್ಟೆ. ಸಂಜೆಯಾದರೂ ಬಚ್ಚಲಮನೆಯಿಂದ ಆ ವಾಸನೆ ಹೋಗಿರಲಿಲ್ಲ.